ಅತಿಥಿಯ ತಲೆ ತೆಗೆದರೆ: ಕನ್ನಡ ಪದಬಂಧದಲ್ಲಿ ಸಿನಿಮಾ ಹೆಸರು

ಬೆಸಗರಹಳ್ಳಿಯ ಟೀ ಅಂಗಡಿಯಲ್ಲಿ ಭಾನುವಾರದ ಪೇಪರು ನನ್ನ ಕೈಗೆ ಬರುವ ಹೊತ್ತಿಗೆ ಪದಬಂಧ ಅರ್ಧ ತುಂಬಿರುತ್ತದೆ. ಒಬ್ಬರ ನೀಲಿ ಪೆನ್ನು, ಇನ್ನೊಬ್ಬರ ಕೆಂಪು ಪೆನ್ನು, ಮೇಲೆ ಟೀ ಲೋಟದ ಉಂಗುರದ ಗುರುತು. ಅಂಥದೊಂದು ಭಾನುವಾರ ಎರಡು ಮನೆಯ ಸುಳಿವೊಂದು ಉಳಿದಿತ್ತು: ಮಂಡ್ಯ ಜಿಲ್ಲೆಯ ಹಳ್ಳಿಯಲ್ಲಿ ತೆಗೆದ, ವಿದೇಶದಲ್ಲಿ ಪ್ರಶಸ್ತಿ ಗೆದ್ದ ಚಿತ್ರ. ‘ತಿಥಿ’ ಎಂದು ಬರೆದೆ. ಪಕ್ಕದ ಬೆಂಚಿನ ಹಿರಿಯರು ಬಗ್ಗಿ ನೋಡಿ, “ಇದ್ಕೆ ಅಷ್ಟುದ್ದ ಯಾಕ್ ಕೇಳವ್ರೆ? ಅತಿಥಿ ತಲೆ ತಗುದ್ರೆ ತಿಥಿ ಕಣಪ್ಪ” ಅಂದರು.

ಅಚ್ಚಾದ ಸುಳಿವಿಗಿಂತ ಅವರ ಮಾತು ಎಷ್ಟೋ ಮೇಲು. ‘ಅತಿಥಿ’ಯ ಮೊದಲ ಅಕ್ಷರ ಕಳೆದರೆ ‘ತಿಥಿ’ ಉಳಿಯುತ್ತದೆ. ತಿಥಿ ನೋಡದೆ ಬರುವವನೇ ಅತಿಥಿ ಎಂದು ಹಳಬರು ಹೇಳುವ ಅರ್ಥವೂ ಹಿಂದೆ ಮಿಂಚುತ್ತದೆ. ಸಾಲದ್ದಕ್ಕೆ ‘ಅತಿಥಿ’ ಕೂಡ ಪಿ. ಶೇಷಾದ್ರಿಯವರ ಸಿನಿಮಾದ ಹೆಸರು. ಒಂದು ಪಿಚ್ಚರಿನ ತಲೆ ತೆಗೆದರೆ ಇನ್ನೊಂದು ಪಿಚ್ಚರು. ಈ ಸಾಧ್ಯತೆ ಕನ್ನಡದಲ್ಲೇ ಬಿದ್ದಿರುವಾಗ ನಮ್ಮ ಸಿನಿಮಾ ಪದಬಂಧಗಳು ಇಸವಿ, ನಾಯಕ, ನಿರ್ದೇಶಕ ಎಂದು ಕೇಳುತ್ತಲೇ ಏಕೆ ಉಳಿದವು? ಸಿನಿಮಾ ಹೆಸರು ಪದಬಂಧದಲ್ಲಿ ಮಾಹಿತಿಯೋ, ಮಾತೋ? ಈ ಬಗ್ಗೆ ಇರುವ ವಾದಗಳನ್ನು ಇಲ್ಲಿ ಒಟ್ಟಿಗೆ ಇಟ್ಟು ನೋಡುತ್ತೇನೆ.

ಚೌಕಕ್ಕೆ ಮೊದಲೂ ಬಂಧವಿತ್ತು

ಪದಬಂಧ ಇಂಗ್ಲಿಷಿನಿಂದ ಬಂದ ಆಟ, ನಿಜ. ಆದರೆ ಹೆಸರಿನೊಳಗಿನ ‘ಬಂಧ’ ನಮ್ಮ ಅಲಂಕಾರಶಾಸ್ತ್ರದ್ದು. ದಂಡಿ ತನ್ನ ‘ಕಾವ್ಯಾದರ್ಶ’ದ ಮೂರನೆಯ ಪರಿಚ್ಛೇದದಲ್ಲಿ ಯಮಕ, ಚಿತ್ರಬಂಧಗಳ ಜೊತೆಗೆ ಹದಿನಾರು ಬಗೆಯ ಪ್ರಹೇಳಿಕೆಗಳನ್ನು, ಅಂದರೆ ಒಗಟುಗಳನ್ನು, ವಿಂಗಡಿಸಿದ. ದಂಡಿಯ ದಾರಿಯಲ್ಲೇ ನಡೆದ ‘ಕವಿರಾಜಮಾರ್ಗ’ವೂ ಸುಮಾರು 850ರ ಹೊತ್ತಿಗೆ ಇಂಥ ಶಬ್ದಚಮತ್ಕಾರಗಳಿಗೆ ಜಾಗ ಕೊಟ್ಟಿತು. ಹಿಂದಿನಿಂದ ಓದಿದರೂ ಅದೇ ಆಗುವ ರಚನೆಗೆ ‘ಗತಪ್ರತ್ಯಾಗತ’ ಎಂಬ ಹೆಸರಿದೆ. ನಮ್ಮ ಮಕ್ಕಳು ‘ವಿಕಟಕವಿ’ ಎಂದು ಕಲಿಯುವುದು ಅದನ್ನೇ. ‘ನವಜೀವನ’ ಎಂಬ ಹಳೆಯ ಕನ್ನಡ ಚಿತ್ರದ ಹೆಸರನ್ನು ಬಲದಿಂದ ಎಡಕ್ಕೆ ಓದಿ ನೋಡಿ.

ಪಂಡಿತರ ಸಾಲು ಇದಾದರೆ ಜನರ ಸಾಲು ಬೇರೆ. ಅಲ್ಲಮನ ಬೆಡಗಿನ ವಚನಗಳು, ಕನಕದಾಸರ ಮುಂಡಿಗೆಗಳು, ಹೊಲದ ಬದುವಿನ ಮೇಲೆ ಕೂತು ಬಿಡಿಸುವ ಒಗಟುಗಳು: ಎಲ್ಲದರಲ್ಲೂ ಮೇಲುಮಾತು ಒಂದು, ಒಳಮಾತು ಇನ್ನೊಂದು. ಬೇಡನೊಬ್ಬ ‘ಮರಾ ಮರಾ’ ಎನ್ನುತ್ತ ‘ರಾಮ’ನನ್ನು ಮುಟ್ಟಿದ ಕಥೆ ಗೊತ್ತಿಲ್ಲದ ಕನ್ನಡಿಗರು ಕಡಿಮೆ. ಪದಬಂಧದ ಭಾಷೆಯಲ್ಲಿ ಹೇಳುವುದಾದರೆ ಅದು ಹಿಂದುಮುಂದಾದ ಸುಳಿವು. ಅಕ್ಷರಗಳನ್ನು ತಿರುಗಿಸುವುದು ಕನ್ನಡಿಗರಿಗೆ ಹೊಸದೆಂಬ ಮಾತನ್ನು ನಾನು ಒಪ್ಪುವುದಿಲ್ಲ.

ನ್ಯೂಯಾರ್ಕಿನಿಂದ ಬೆಂಗಳೂರಿಗೆ

ಚೌಕದ ರೂಪ ಹುಟ್ಟಿದ್ದು 1913ರ ಡಿಸೆಂಬರ್ 21ರಂದು, ಆರ್ಥರ್ ವಿನ್ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಗೆ ಮಾಡಿಕೊಟ್ಟ ವಜ್ರಾಕಾರದ ಒಗಟಿನಲ್ಲಿ. ಬೇಗನೇ ಎರಡು ಕವಲಾಯಿತು. ಅಮೆರಿಕದವರು ಪ್ರತಿ ಅಕ್ಷರವೂ ಅಡ್ಡಕ್ಕೂ ಉದ್ದಕ್ಕೂ ಹೊಂದಬೇಕೆಂದರು, ಮತ್ತು ಒಂದೇ ಎಳೆಯಲ್ಲಿ ಹಲವು ಉತ್ತರಗಳನ್ನು ಪೋಣಿಸುವ ಪದ್ಧತಿ ಬೆಳೆಸಿದರು. ಇಂಗ್ಲೆಂಡಿನಲ್ಲಿ 1926ರಿಂದ ‘ಅಬ್ಸರ್ವರ್’ ಪತ್ರಿಕೆಯಲ್ಲಿ ‘ಟಾರ್ಕ್ವಿಮಾಡಾ’ ಎಂಬ ಗುಪ್ತನಾಮದವರು ಗೂಢ ಸುಳಿವಿನ ದಾರಿ ತೆರೆದರು. ಆ ಸುಳಿವು ನ್ಯಾಯವಾಗಿರಬೇಕೆಂದು ‘ಕ್ಸಿಮಿನೀಸ್’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಡಿ.ಎಸ್. ಮ್ಯಾಕ್‌ನಟ್ 1966ರ ತಮ್ಮ ಪುಸ್ತಕದಲ್ಲಿ ನಿಯಮ ಕಟ್ಟಿದರು: ಒಂದು ಭಾಗ ಅರ್ಥ ಹೇಳಬೇಕು, ಇನ್ನೊಂದು ಭಾಗ ಪದವನ್ನು ಒಡೆದು ಜೋಡಿಸುವ ದಾರಿ ಹೇಳಬೇಕು, ಮೂರನೆಯದಕ್ಕೆ ಜಾಗವಿಲ್ಲ.

ಇದರ ನಡುವೆ ಬೆಂಗಳೂರಿಗೆ ಸೇರಿದ ಒಂದು ಅಧ್ಯಾಯವಿದೆ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಬಹುಮಾನದ ಪದಬಂಧ ದೊಡ್ಡ ವ್ಯಾಪಾರವಾಗಿತ್ತು. ಪ್ರವೇಶ ಶುಲ್ಕ ಕಟ್ಟಬೇಕು. ಸುಳಿವಿಗೆ ಸರಿಹೊಂದುವ ಎರಡು ಪದಗಳಿರುತ್ತವೆ. ಮುಚ್ಚಿದ ಲಕೋಟೆಯಲ್ಲಿರುವ ಸಂಪಾದಕರ ಉತ್ತರಕ್ಕೆ ತಾಳೆಯಾದವರಿಗೆ ದುಡ್ಡು. ಮುಂಬಯಿ ಸರ್ಕಾರ ಇದಕ್ಕೆ 1948ರಲ್ಲಿ ಕಾಯಿದೆ ತಂದಿತು. 1952ರಲ್ಲಿ ಅದನ್ನು ತಿದ್ದಿ, ಹೊರಗೆ ಅಚ್ಚಾಗಿ ಒಳಬರುವ ಪತ್ರಿಕೆಗಳಿಗೂ ಅನ್ವಯಿಸಿತು. ಆಗ ನ್ಯಾಯಾಲಯದ ಮುಂದೆ ಬಂದದ್ದು ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ವಾರಪತ್ರಿಕೆಯ ‘ಆರ್.ಎಂ.ಡಿ.ಸಿ. ಕ್ರಾಸ್‌ವರ್ಡ್ಸ್’. ಮೈಸೂರು ರಾಜ್ಯದಲ್ಲಿಯೂ 1951ರದೊಂದು ಕಾಯಿದೆ ಇತ್ತು. 1955ರ ಕೇಂದ್ರ ಕಾಯಿದೆ ತಿಂಗಳ ಬಹುಮಾನದ ಮೊತ್ತಕ್ಕೆ 1,000 ರೂಪಾಯಿಯ, ಪ್ರವೇಶಗಳಿಗೆ 2,000ದ ಮಿತಿ ಹಾಕಿತು. 1957ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಗೆರೆ ಎಳೆಯಿತು: ಗೆಲುವು ಬಹುಮಟ್ಟಿಗೆ ಕೌಶಲದಿಂದ ಬರುವಂತಿದ್ದರೆ ಒಂದು ಬಗೆ, ಅದೃಷ್ಟದಿಂದ ಬರುವಂತಿದ್ದರೆ ಜೂಜು.

ಕಾನೂನಿನ ಈ ಗೆರೆ ಪದಬಂಧ ಕಟ್ಟುವವರಿಗೂ ಗೆರೆಯೇ. ‘1972ರ ರಾಜ್‌ಕುಮಾರ್ ಚಿತ್ರ (4)’ ಎಂದು ಕೇಳಿದರೆ ನಾನು ‘ಕ್ರಾಂತಿವೀರ’ ಎಂದು ಬರೆಯಲೋ, ‘ಭಲೇ ಹುಚ್ಚ’ ಎಂದು ಬರೆಯಲೋ? ಎರಡೂ ಅದೇ ವರ್ಷದವು, ಎರಡಕ್ಕೂ ನಾಲ್ಕೇ ಮನೆ. ಅಡ್ಡ ಹಾಯುವ ಪದ ನೆರವಿಗೆ ಬಾರದಿದ್ದರೆ ಅದು ಲಕೋಟೆಯ ಆಟವೇ.

ನೆನಪನ್ನು ಕೇಳುವವರು

ಕನ್ನಡದ ಬಹುಪಾಲು ಸಿನಿಮಾ ಸುಳಿವುಗಳು ಈ ಪಂಥದವು. ಇಸವಿ, ತಾರೆ, ನಿರ್ದೇಶಕ, ಹಾಡಿನ ಪಲ್ಲವಿಯ ತುಣುಕು, ಮೂಲ ಕಾದಂಬರಿ. ಇದನ್ನು ಕೀಳಾಗಿ ಕಾಣುವ ಇಂಗ್ಲಿಷ್ ಪದಬಂಧದ ಅಭಿಮಾನಿಗಳನ್ನು ನೋಡಿದ್ದೇನೆ. ಅವರೊಂದು ಸಂಗತಿ ಮರೆಯುತ್ತಾರೆ. 1934ರ ‘ಸತಿ ಸುಲೋಚನಾ’ದಿಂದ ಈಚೆಗೆ ಓದುಬರಹ ಬಲ್ಲವರೂ ಬಾರದವರೂ ಒಟ್ಟಿಗೆ ಕಟ್ಟಿದ ನೆನಪಿನ ಭಂಡಾರ ಸಿನಿಮಾ. ಟೂರಿಂಗ್ ಟಾಕೀಸಿನ ನೆಲದ ಮೇಲೆ ಕೂತು ‘ಬಂಗಾರದ ಮನುಷ್ಯ’ ನೋಡಿದವನಿಗೆ ಸಂಸ್ಕೃತದ ಪರ್ಯಾಯಪದ ಗೊತ್ತಿರಬೇಕಿಲ್ಲ. ‘ಆನೆ (3)’ ಎಂದರೆ ಕುಂಜರವೋ ಮಾತಂಗವೋ ಎಂದು ತಡಕಾಡುವವನು ಸಿನಿಮಾ ಸುಳಿವು ಬಂದ ಕೂಡಲೇ ಪೆನ್ನು ಕಸಿದುಕೊಳ್ಳುತ್ತಾನೆ. ಹಳ್ಳಿಯ ಬೆಂಚಿನ ಮೇಲೆ ಪದಬಂಧವನ್ನು ಎಲ್ಲರದ್ದಾಗಿಸಿದ್ದು ಈ ಸುಳಿವುಗಳು.

ಈ ಮಾದರಿಯನ್ನು ಎತ್ತಿ ನಿಲ್ಲಿಸಿದವರಲ್ಲಿ ದೊಡ್ಡ ಹೆಸರು ಅ.ನಾ. ಪ್ರಹ್ಲಾದರಾವ್ ಅವರದು. ಕೋಲಾರ ಜಿಲ್ಲೆಯ ಅಬ್ಬಣಿಯವರು, ಸರ್ಕಾರದ ವಾರ್ತಾ ಇಲಾಖೆಯಲ್ಲಿ ದುಡಿದವರು. ರಚಿಸಿದ ಪದಬಂಧಗಳ ಲೆಕ್ಕ ಮೂವತ್ತು ಸಾವಿರವನ್ನೂ ದಾಟಿ ಲಿಮ್ಕಾ ದಾಖಲೆ ಪುಸ್ತಕಕ್ಕೆ ಸೇರಿತು. ರಾಜ್‌ಕುಮಾರ್ ಬದುಕನ್ನು ಕುರಿತು ‘ಬಂಗಾರದ ಮನುಷ್ಯ’ ಎಂಬ ಪುಸ್ತಕ ಬರೆದವರೂ ಇವರೇ. ಸಿನಿಮಾ ಚರಿತ್ರೆ ಮತ್ತು ಪದಬಂಧ ಒಬ್ಬರೇ ಮನುಷ್ಯರಲ್ಲಿ ಹೀಗೆ ಕೂಡಿದ್ದು ಆಕಸ್ಮಿಕವಲ್ಲ ಎನಿಸುತ್ತದೆ; ದಿನಕ್ಕೊಂದು ಚೌಕ ತುಂಬಬೇಕಾದ ರಚನೆಕಾರನಿಗೆ ಹೆಸರುಗಳ ಉಗ್ರಾಣ ಬೇಕು, ಕನ್ನಡದಲ್ಲಿ ಎಲ್ಲರಿಗೂ ಕೀಲಿ ಗೊತ್ತಿರುವ ಉಗ್ರಾಣ ಸಿನಿಮಾ.

ಈ ಪಂಥದ ಮಿತಿಯೂ ಅಲ್ಲೇ ಇದೆ. ಗೊತ್ತಿದ್ದರೆ ಒಂದು ಕ್ಷಣ, ಗೊತ್ತಿಲ್ಲದಿದ್ದರೆ ಇಡೀ ದಿನ ಕೂತರೂ ದಾರಿಯಿಲ್ಲ. ಸುಳಿವಿನೊಳಗೆ ಹತ್ತಲು ಮೆಟ್ಟಿಲೇ ಇಲ್ಲ.

ಹೆಸರನ್ನು ಒಡೆಯುವವರು

ಇನ್ನೊಂದು ಪಂಥಕ್ಕೆ ಸಿನಿಮಾ ಹೆಸರು ಮೊದಲು ಕನ್ನಡದ ಮಾತು, ಆಮೇಲೆ ಸಿನಿಮಾ. ‘ನವಿಲೂ ಹೌದು, ಬನವಾಸಿಯ ದೊರೆಯೂ ಹೌದು (3)’ ಎಂದರೆ ‘ಮಯೂರ’. ‘ಬಾಣಗಳ ಗೂಡಿನಲ್ಲಿ ಸಿಕ್ಕಿಬಿದ್ದ ಕಲ್ಪನಾ (5)’ ಎಂದರೆ ‘ಶರಪಂಜರ’: ಬಾಣ ಶರವಾಯಿತು, ಗೂಡು ಪಂಜರವಾಯಿತು, ಕಲ್ಪನಾ ಎಂಬುದು ನಟಿಯ ಹೆಸರಾಗಿಯೂ ನಾಯಕಿ ಕಾವೇರಿಯ ಮನಸ್ಸಿನ ಸ್ಥಿತಿಯಾಗಿಯೂ ನಿಂತಿತು. 1971ರ ಆ ಚಿತ್ರ ನೋಡದವನೂ ಇದನ್ನು ಬಿಡಿಸಬಲ್ಲ. ನೋಡಿದವನಿಗೆ ಇನ್ನೊಂದು ಪದರ ತೆರೆಯುತ್ತದೆ.

ಟೀ ಅಂಗಡಿಯ ಹಿರಿಯರ ಸುಳಿವು ಈ ಜಾತಿಯದು. ಸ್ವಲ್ಪ ತಿದ್ದಿದರೆ ಹೀಗಾಗುತ್ತದೆ: ‘ತಲೆ ಕಳೆದುಕೊಂಡ ನೆಂಟನಿಗೆ ಹನ್ನೊಂದನೆಯ ದಿನ (2)’. ನೆಂಟ ಎಂದರೆ ಅತಿಥಿ, ತಲೆ ಹೋದರೆ ತಿಥಿ, ಹನ್ನೊಂದನೆಯ ದಿನದ ಕಾರ್ಯವೇ ಅರ್ಥ. ನೊದೆಕೊಪ್ಪಲಿನ ಜನರನ್ನೇ ಪಾತ್ರಧಾರಿಗಳನ್ನಾಗಿ ಮಾಡಿ ರಾಮ್ ರೆಡ್ಡಿ ತೆಗೆದ, 2015ರಲ್ಲಿ ಲೊಕಾರ್ನೋದಲ್ಲಿ ಗೆದ್ದ ಆ ಚಿತ್ರದಲ್ಲಿ ನಡೆಯುವುದೂ ಸೆಂಚುರಿ ಗೌಡರ ಹನ್ನೊಂದನೆಯ ದಿನದ ತಿಥಿಗೆ ಮುಂಚಿನ ಪಾಡು. ಸುಳಿವಿನ ಮೇಲುಮಾತು ಕೂಡ ಅದೇ ಕಥೆಯ ಹತ್ತಿರ ಬರುತ್ತದೆ. ಇದಕ್ಕಿಂತ ಹೆಚ್ಚಿನದನ್ನು ಒಂದು ಸುಳಿವಿನಿಂದ ನಾನು ಕೇಳಲಾರೆ.

ಈ ಪಂಥದ ಎದುರಿರುವ ಆಕ್ಷೇಪ ಗಟ್ಟಿಯಾದದ್ದೇ. ಇಂಗ್ಲಿಷಿನಲ್ಲಿ ಬಿಡಿ ಅಕ್ಷರಗಳನ್ನು ಕಲಸಿ ಬೇರೆ ಪದ ಮಾಡಬಹುದು; ಕನ್ನಡದ ಅಕ್ಷರಕ್ಕೆ ಸ್ವರ ಅಂಟಿಕೊಂಡಿರುವುದರಿಂದ ಕಲಸಿದರೆ ಕೈಗೆ ಬರುವುದು ಕಡಿಮೆ. ಅಡಗಿಸುವ ಸುಳಿವಿಗೂ ತೊಡಕುಂಟು. ‘ವಸಂತ’ ಎನ್ನುವಾಗ ಕಿವಿಗೆ ‘ಅಂತ’ ಕೇಳಿಸುತ್ತದೆ, ಕಣ್ಣಿಗೆ ಕಾಣಿಸುವುದಿಲ್ಲ, ಏಕೆಂದರೆ ‘ಅಂ’ ಹೋಗಿ ‘ಸಂ’ನೊಳಗೆ ಕರಗಿದೆ. ಸ್ವರದಿಂದ ಶುರುವಾಗುವ ಹೆಸರನ್ನು ಬರಹದಲ್ಲಿ ಬಚ್ಚಿಡುವುದು ಬಲು ಕಷ್ಟ. ಆದರೆ ಇದಕ್ಕೆ ಪರಿಹಾರವೂ ನಮ್ಮ ವ್ಯಾಕರಣದಲ್ಲೇ ಇದೆ. ಊರು ಮತ್ತು ಊರು ಸೇರಿ ‘ಊರೂರು’ ಆಗುವ ಲೋಪಸಂಧಿ ಶಾಲೆಯ ಮಗುವಿಗೂ ಬಾಯಿಪಾಠ. ಸಂಧಿ ಬಿಡಿಸಿದರೆ ಉತ್ತರ ಸಿಗುವಂಥ ಸುಳಿವು ಇಂಗ್ಲಿಷಿಗೆ ಎಟುಕದ್ದು, ನಮಗೆ ಸಹಜವಾದದ್ದು. ಅದನ್ನು ಬಳಸುವವರು ವಿರಳ ಎಂಬುದು ನನ್ನ ಕೊರಗು.

ಕಿವಿಯ ಮಾತು ಬಂದಾಗ ನಮ್ಮೂರಿನ ಹೆಸರು ಹೊತ್ತ ಡಾ. ಬೆಸಗರಹಳ್ಳಿ ರಾಮಣ್ಣನವರು ನೆನಪಾಗುತ್ತಾರೆ. ವೈದ್ಯರಾಗಿದ್ದ ಆ ಕಥೆಗಾರರು ಮಂಡ್ಯ ಸೀಮೆಯ ಮಾತನ್ನು ಕಥೆಯೊಳಗೆ ಹಾಗೆಯೇ ಕೂರಿಸಿದರು. ಇಲ್ಲಿ ಹಾಲು ‘ಆಲು’ ಆಗುತ್ತದೆ, ಹಾವು ‘ಆವು’ ಆಗುತ್ತದೆ. ‘ಮಂಡ್ಯದವನ ಬಾಯಲ್ಲಿ ಆಲೂಗೆಡ್ಡೆಯಂತೆ ಕೇಳಿಸುವ ಜೇನು (4)’ ಎಂದು ‘ಹಾಲು ಜೇನು’ ಕೇಳಬಹುದೇ? ಮದ್ದೂರಿನಲ್ಲಿ ಎಲ್ಲರೂ ಬಿಡಿಸಿಯಾರು. ಧಾರವಾಡದಲ್ಲಿ ಬೈದಾರು.

ಒಂದೇ ಎಳೆಯಲ್ಲಿ ಪೋಣಿಸುವವರು

ಮೂರನೆಯದು ಅಮೆರಿಕದ ಪದ್ಧತಿ. ಪದಬಂಧವನ್ನು ‘ನ್ಯೂಯಾರ್ಕ್ ಟೈಮ್ಸ್’ ಸೇರಿಸಿಕೊಂಡದ್ದು 1942ರಲ್ಲಿ, ಮಾರ್ಗರೆಟ್ ಫೆರಾರ್ ಸಂಪಾದಕತ್ವದಲ್ಲಿ. ಆ ಸಂಪ್ರದಾಯದಲ್ಲಿ ಚೌಕದ ಉದ್ದನೆಯ ಉತ್ತರಗಳೆಲ್ಲ ಒಂದೇ ಚೇಷ್ಟೆಗೆ ಒಳಗಾಗಿರುತ್ತವೆ. ಹಲವು ಸಿನಿಮಾ ಹೆಸರುಗಳಿಂದ ಒಂದೊಂದು ಅಕ್ಷರ ಕಳಚಿ, ಉಳಿದ ವಿಚಿತ್ರ ಹೆಸರಿಗೆ ಹೊಸ ಅರ್ಥದ ಸುಳಿವು ಕೊಡುವುದು ಅಲ್ಲಿ ಬಹಳ ಬಳಕೆಯ ಎಳೆ.

ಕನ್ನಡದ ವಿಷಯಾಧಾರಿತ ಪದಬಂಧ ಎಂದರೆ ಸಾಮಾನ್ಯವಾಗಿ ಎಲ್ಲ ಉತ್ತರಗಳೂ ಸಿನಿಮಾ ಹೆಸರಾಗಿರುವುದು ಮಾತ್ರ. ಹೆಸರು ಬದಲಾಗುವುದಿಲ್ಲ. ಆದರೆ ಹೆಸರಿನ ಚೇಷ್ಟೆಯನ್ನು ನಮ್ಮ ಚಿತ್ರರಂಗವೇ ಮಾಡಿ ತೋರಿಸಿದೆ. 1987ರಲ್ಲಿ ಶಂಕರ್‌ನಾಗ್ ‘ಒಂದು ಮುತ್ತಿನ ಕಥೆ’ ತೆಗೆದರು. ಮೂವತ್ತು ವರ್ಷದ ಮೇಲೆ, 2017ರಲ್ಲಿ, ರಾಜ್ ಬಿ. ಶೆಟ್ಟಿಯವರ ‘ಒಂದು ಮೊಟ್ಟೆಯ ಕಥೆ’ ಬಂತು. ಎರಡನ್ನೂ ಚೌಕದಲ್ಲಿ ಬರೆದು ನೋಡಿ: ಎರಡಕ್ಕೂ ಏಳೇ ಮನೆ, ಬದಲಾಗಿರುವುದು ನಡುವಿನ ಮೂರು.

ಪಕ್ಕದ ದೊಡ್ಡರಸಿನಕೆರೆಯ ಅಂಬರೀಶ್ ಅವರ ‘ಮಂಡ್ಯದ ಗಂಡು’ ನನ್ನ ಕೈಯಲ್ಲಿ ‘ಮಂಡಿಯ ಗಂಡು’ ಆಯಿತು. ‘ಬೆಲ್ಲ ಹರಾಜು ಕೂಗುವಲ್ಲಿ ನಿಂತ ಅಂಬರೀಶ್ (5)’. ಇದು ಬಿಡಿ ಚಮತ್ಕಾರ, ಎಳೆಯಲ್ಲ. ಎಳೆ ಬೇಕೆಂದು ಹುಡುಕುತ್ತ ಹೋದಾಗ ಕೈಗೆ ಸಿಕ್ಕಿದ್ದು ಕಾಗುಣಿತ. ‘ಕ ಕೊಂಬು ಕು’ ಎಂದು ನಾವೆಲ್ಲ ರಾಗವಾಗಿ ಕಲಿತದ್ದೇ. ಪುಟ್ಟಣ್ಣನವರ ‘ನಾಗರಹಾವು’ ಇಳಿಯನ್ನು ಕಳೆದುಕೊಂಡರೆ ‘ನಗರಹಾವು’: ‘ವಿಧಾನಸೌಧದ ಬಳಿ ಹೆಡೆಯೆತ್ತಿದ್ದು (5)’. ‘ಗಂಧದ ಗುಡಿ’ ಕೊಂಬು ಕಳೆದುಕೊಂಡರೆ ‘ಗಂಧದ ಗಡಿ’: ‘ಚೆಕ್‌ಪೋಸ್ಟಿನಲ್ಲಿ ನಿಂತ ಪರಿಮಳ (5)’. ‘ಬೆಳ್ಳಿಮೋಡ’ ಏತ್ವ ಕಳೆದುಕೊಂಡರೆ ‘ಬಳ್ಳಿಮೋಡ’: ‘ಚಪ್ಪರಕ್ಕೆ ಹಬ್ಬಿದ ಮುಗಿಲು (4)’. ಮೂರರಲ್ಲೂ ಒಂದೊಂದು ಅಕ್ಷರ ಬರಿಯ ತಲೆಕಟ್ಟಿಗೆ ಮರಳಿದೆ. ಹಾಗಾದರೆ ಚೌಕದ ನಟ್ಟನಡುವೆ ಎಳೆಯ ಗುಟ್ಟು ಹೇಳುವ ಪದ ಯಾವುದಾಗಬೇಕು? ‘ತಲೆಕಟ್ಟು’, ನಾಲ್ಕು ಮನೆ.

ಇದರಲ್ಲಿ ಗಮನಿಸಬೇಕಾದದ್ದು ಮನೆಗಳ ಎಣಿಕೆ. ಇಂಗ್ಲಿಷಿನಲ್ಲಿ ಒಂದು ಅಕ್ಷರ ಕಳಚಿದರೆ ಉತ್ತರ ಒಂದು ಮನೆ ಕುಗ್ಗುತ್ತದೆ. ಕನ್ನಡದಲ್ಲಿ ಕೊಂಬೂ ಏತ್ವವೂ ಮನೆಯ ಬಾಡಿಗೆ ಕೊಡುವುದಿಲ್ಲ. ಬಂದರೂ ಹೋದರೂ ಉದ್ದ ಅಷ್ಟೇ ಇರುತ್ತದೆ. ಕನ್ನಡ ಲಿಪಿ ಪದಬಂಧಕ್ಕೆ ಅಡ್ಡಿ ಎಂದು ಹೇಳುತ್ತ ಬಂದವರು ಈ ಅನುಕೂಲವನ್ನು ಲೆಕ್ಕಕ್ಕೆ ಹಿಡಿದಂತಿಲ್ಲ.

ಒಂದು ಮನೆಗೆ ಎಷ್ಟು?

ಮೇಲಿನ ಮೂರೂ ಪಂಥಗಳ ಜಗಳ ಕೊನೆಗೆ ಬಂದು ನಿಲ್ಲುವುದು ಮನೆಯ ಅಳತೆಯಲ್ಲಿ. ರೂಢಿಯ ನಿಯಮ ಸರಳ: ಕಾಗುಣಿತ, ಒತ್ತು, ಅನುಸ್ವಾರ ಎಲ್ಲ ಸೇರಿದ ಒಂದು ಅಕ್ಷರಕ್ಕೆ ಒಂದು ಮನೆ. ‘ಸಂಸ್ಕಾರ’ಕ್ಕೆ ಸಂ, ಸ್ಕಾ, ರ ಎಂದು ಮೂರು. ‘ಬಂಗಾರದ ಮನುಷ್ಯ’ಕ್ಕೆ ಏಳು. ಕನ್ನಡಿಗರು ಪದವನ್ನು ಬಿಡಿಸಿ ಹೇಳುವುದೂ ಹೀಗೆಯೇ, ಆದ್ದರಿಂದ ಈ ನಿಯಮ ಕಿವಿಗೂ ಕಣ್ಣಿಗೂ ಒಪ್ಪುತ್ತದೆ.

ಬೆಲೆ ತೆರಬೇಕಾಗುವುದು ಅಡ್ಡ ಹಾಯಿಸುವಾಗ. ಮೂವತ್ತನಾಲ್ಕು ವ್ಯಂಜನಗಳ ಕಾಗುಣಿತವೇ ನಾನೂರು ದಾಟುತ್ತದೆ, ಒತ್ತಕ್ಷರ ಸೇರಿದರೆ ಸಾವಿರಾರು. ‘ಮಯೂರ’ದ ನಡುವಿನ ‘ಯೂ’ ಮೇಲಿನಿಂದ ಕೆಳಕ್ಕೆ ಯಾವ ಪದಕ್ಕೆ ಸೇರಬೇಕು? ನಮ್ಮ ಕಡೆಯ ರೈತನಿಗೆ ‘ಯೂರಿಯಾ’ ಹೊಳೆದೀತು, ಆಮೇಲೆ ಮೌನ. ಹೀಗಾಗಿ ನಮ್ಮ ಚೌಕಗಳಲ್ಲಿ ಕಪ್ಪು ಮನೆ ಹೆಚ್ಚು, ಹಾಯುವ ಜಾಗ ಕಡಿಮೆ. ಪ್ರತಿ ಅಕ್ಷರವೂ ಎರಡೂ ಕಡೆ ಹೊಂದಬೇಕೆಂಬ ಅಮೆರಿಕದ ಶಿಸ್ತು ಇಲ್ಲಿ ಬಹುತೇಕ ಅಸಾಧ್ಯ.

ಸಡಿಲಿಸೋಣ ಎನ್ನುವವರು ವ್ಯಂಜನ ಹೊಂದಿದರೆ ಸಾಕು, ಅಡ್ಡಕ್ಕೆ ‘ಯೂ’ ಇದ್ದು ಉದ್ದಕ್ಕೆ ‘ಯ’ ಇರಲಿ ಎನ್ನುತ್ತಾರೆ. ಚೌಕ ತುಂಬಲು ಅನುಕೂಲ, ಆದರೆ ಬಿಡಿಸುವವನ ಹಿಡಿಯೇ ಜಾರುತ್ತದೆ. ಅಡ್ಡ ಪದ ಕೊಡಬೇಕಾದ ಭರವಸೆ ಹೋಗುತ್ತದೆ. ಇನ್ನೊಂದು ತುದಿಯಲ್ಲಿ, ಸ್ವರ ವ್ಯಂಜನಗಳನ್ನು ಬೇರೆ ಬೇರೆ ಮನೆಗೆ ಹಾಕುವ ವಾದ. ಅದಕ್ಕೆ ನಮ್ಮಲ್ಲಿ ಬೆರಗಿನ ಮಾದರಿ ಇದೆ: 1953ರಲ್ಲಿ ಮೊದಲ ಭಾಗ ಅಚ್ಚಾದ ಕುಮುದೇಂದುವಿನ ‘ಸಿರಿಭೂವಲಯ’. ಅದರ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಚಕ್ರದ ರಚನೆ ಸ್ಪಷ್ಟ. ಅಡ್ಡಕ್ಕೆ 27, ಉದ್ದಕ್ಕೆ 27,  ಒಟ್ಟು 729 ಮನೆ. ಒಂದೊಂದರಲ್ಲಿ 1ರಿಂದ 64ರೊಳಗಿನ ಅಂಕಿ. ಒಂದು ಅಂಕಿಗೆ ಒಂದು ಧ್ವನಿ. ಅಲ್ಲಿ ಮನೆಯಲ್ಲಿ ಇರುವುದು ಅಕ್ಷರವಲ್ಲ, ಧ್ವನಿ. ಕಂಪ್ಯೂಟರೂ ಅದೇ ಜಾಡಿನದು: ‘ಸ್ಕಾ’ ಎಂಬ ಒಂದು ಮನೆಯ ಅಕ್ಷರವನ್ನು ಅದು ಸ, ಹಲಂತ, ಕ, ಇಳಿ ಎಂದು ನಾಲ್ಕು ಸಂಕೇತಗಳಾಗಿ ಇಟ್ಟುಕೊಳ್ಳುತ್ತದೆ. ಅದಕ್ಕೇ ಇಂಗ್ಲಿಷಿಗೆಂದು ಬರೆದ ತಂತ್ರಾಂಶಕ್ಕೆ ‘ಸಂಸ್ಕಾರ’ ಕೊಟ್ಟರೆ ಒತ್ತುಗಳು ಮನೆಯಿಂದ ಮನೆಗೆ ಚೆಲ್ಲಾಡುತ್ತವೆ. ಧ್ವನಿಗೊಂದು ಮನೆ ಕೊಟ್ಟರೆ ಹಾಯಿಸುವುದು ಸುಲಭವಾದೀತು, ಆದರೆ ‘ಬಂಗಾರದ ಮನುಷ್ಯ’ವನ್ನು ಹದಿನಾರು ಮನೆಯಲ್ಲಿ ಬರೆಯಲು ಯಾವ ಓದುಗ ಒಪ್ಪುತ್ತಾನೆ? ಅಕ್ಷರಕ್ಕೊಂದು ಮನೆ ಎಂಬುದನ್ನು ಬಿಟ್ಟುಕೊಡಬಾರದೆಂದೇ ನನ್ನ ಮತ.

ತೀರ್ಮಾನವಾಗದೆ ಉಳಿದದ್ದು

ಕಾಗುಣಿತದ ಸ್ವಾತಂತ್ರ್ಯ ಮೊದಲನೆಯದು. ‘ಕಥೆ’ಯೋ ‘ಕತೆ’ಯೋ? ಡಿ.ಎನ್. ಶಂಕರಭಟ್ಟರ ದಾರಿ ಹಿಡಿದವರು ಮಹಾಪ್ರಾಣ ಬಿಡುತ್ತಾರೆ. ಸಿನಿಮಾ ಪೋಸ್ಟರಿನ ಬರಹಕ್ಕೆ ಬದ್ಧರಾಗಬೇಕೋ, ಚೌಕದ ಉಳಿದ ಪದಗಳ ಬರಹಕ್ಕೋ ಎಂಬುದಕ್ಕೆ ಒಪ್ಪಿತವಾದ ಉತ್ತರವಿಲ್ಲ.

ಎರಡನೆಯದು ಯಾರ ನೆನಪು ಎಂಬ ಪ್ರಶ್ನೆ. ಬೆಂಚಿನ ಹಿರಿಯರಿಗೆ ‘ಬೇಡರ ಕಣ್ಣಪ್ಪ’ ನಿನ್ನೆಯ ಮಾತು. ಪಕ್ಕದಲ್ಲಿ ಮೊಬೈಲು ಹಿಡಿದ ಹುಡುಗನಿಗೆ ‘ಕಾಂತಾರ’ವೇ ಹಳೆಯದು. 1973ರ ‘ಗಂಧದ ಗುಡಿ’ಯೂ ಪುನೀತ್ ಅವರ 2022ರ ‘ಗಂಧದ ಗುಡಿ’ಯೂ ಒಂದೇ ಐದು ಮನೆಯಲ್ಲಿ ಕೂರುತ್ತವೆ, ಆದರೆ ಆ ಇಬ್ಬರ ಎದೆಯಲ್ಲಿ ಬೇರೆ ಬೇರೆ ಜಾಗದಲ್ಲಿ. ಒಡೆದು ಬಿಡಿಸುವ ಸುಳಿವು ಈ ಅಂತರವನ್ನು ತುಂಬೀತೆಂದು ನಾನು ನಂಬಿದ್ದೇನೆ. ನಂಬಿಕೆ ಅಷ್ಟೇ; ತಲೆಕಟ್ಟಿನ ಚೌಕವನ್ನು ಪೂರ್ತಿ ಕಟ್ಟಿ ಇಬ್ಬರ ಮುಂದೆಯೂ ಇಡುವ ತನಕ ಅದಕ್ಕೆ ಪುರಾವೆಯಿಲ್ಲ.

ಮೂರನೆಯದು ಅರ್ಧಾಕ್ಷರ. ‘ಕೆಜಿಎಫ್’ಗೆ ಮೂರು ಮನೆಯೋ, ನಾಲ್ಕೋ? ‘ಎಫ್’ ಎಂಬುದನ್ನು ಎ, ಫ್ ಎಂದು ಬಿಡಿಸಿದರೆ ಕೊನೆಯ ಮನೆಯಲ್ಲಿ ಸ್ವರವಿಲ್ಲದ ಅಕ್ಷರವೊಂದು ಕೂರುತ್ತದೆ, ಅದರ ಮೇಲೆ ಹಾಯುವ ಪದವೂ ಇನ್ನೊಂದು ಇಂಗ್ಲಿಷ್ ಮಾತೇ ಆಗಬೇಕು. ಉಪೇಂದ್ರರು ಈ ಪ್ರಶ್ನೆಯನ್ನು ತುದಿಗೇ ಒಯ್ದಿಟ್ಟಿದ್ದಾರೆ. ಅವರ ‘ಓಂ’ಗೆ ಒಂದು ಮನೆ. ‘ಎ’ಗೆ ಒಂದು ಮನೆ. 1993ರ ‘ಶ್!’ಗೆ ಒಂದು ಪೂರ್ತಿ ಮನೆ ಕೊಡಬೇಕೋ ಬೇಡವೋ ಎಂದು ಟೀ ಅಂಗಡಿಯಲ್ಲಿ ಕೇಳಿದೆ. ಹಿರಿಯರು ತುಟಿಯ ಮೇಲೆ ಬೆರಳಿಟ್ಟುಕೊಂಡು ಸುಮ್ಮನೆ ಕೂತರು.